ಪಾಸಿಟಿವ್ ಅಂತ ಬಂದಿದೆ, ಗಂಡ ಮಾತು ಬಿಟ್ಟಿದ್ದಾರೆ

ಪ್ರಶ್ನೆ: ನನಗೆ 28 ವರ್ಷ. ಮಗು ಬೇಕು ಅಂತ ಲ್ಯಾಬ್ ಒಂದರಲ್ಲಿ ಟಾರ್ಚ್ ಟೆಸ್ಟ್ (ಬಸಿರಲ್ಲಿ ಮಗುವಿಗೆ ತೊಂದರೆ ಕೊಡಬಹುದಾದ ಸೋಂಕುಗಳ ರಕ್ತ ಪರೀಕ್ಷೆ) ಮಾಡಿಸಿದೆ. ಹರ್ಪಿಸ್ ವೈರಸ್ಸಿನ ಸಾಲಿನಲ್ಲಿ ಎಚ್‌ಎಸ್‌ವಿ-1 ಐಜಿಜಿ 24, ಎಚ್‌ಎಸ್‌ವಿ-2 ಐಜಿಜಿ 1.6, ಐಜಿಎಂ ಕೂಡ ಪಾಸಿಟಿವ್. ನನಗೆ ಯಾವತ್ತೂ ಅಲ್ಲಿ ಗುಳ್ಳೆ, ಹುಣ್ಣು ಆಗಿಲ್ಲ. ಹರ್ಪಿಸ್ ಅಂತ ಗೂಗಲ್‌ನಲ್ಲಿ ಓದಿದ ಗಂಡ ಮೂರು ದಿನದಿಂದ ಮಾತಾಡಿಲ್ಲ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಐಜಿಜಿ, ಐಜಿಎಂ ಅಂದ್ರೆ ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಎರಡು ಬಗೆಯ ಪ್ರತಿಕಾಯಗಳು. ಮೊದಲು ಆ ಐಜಿಎಂ ಸಾಲನ್ನು ಮರೆತುಬಿಡಿ. ಐಜಿಎಂ ಬಂದರೆ ಹೊಸ ಸೋಂಕು ಅಂತ ಎಲ್ಲರೂ ಹೇಳ್ತಾರೆ, ಆದರೆ ಹರ್ಪಿಸ್ ವಿಷಯದಲ್ಲಿ ಅದನ್ನು ನಂಬೋಕಾಗಲ್ಲ. ಹಳೇ ವೈರಸ್ ಮತ್ತೆ ತಲೆಯೆತ್ತಿದಾಗಲೂ ಅದು ಬರಬಹುದು, ಏನೂ ಇಲ್ಲದೆಯೂ ಬರಬಹುದು, ವೈರಸ್ ಎಚ್‌ಎಸ್‌ವಿ ಒಂದೋ ಎರಡೋ ಅಂತಲೂ ಅದು ಸರಿಯಾಗಿ ಬಿಡಿಸಿ ಹೇಳಲ್ಲ.

ಎಚ್‌ಎಸ್‌ವಿ-1 ಸಾಮಾನ್ಯವಾಗಿ ಜ್ವರ ಬಂದಾಗ ತುಟಿ ಮೇಲೆ ಏಳುವ ಗುಳ್ಳೆಯ ವೈರಸ್. ತುಂಬಾ ಜನಕ್ಕೆ ಚಿಕ್ಕಂದಿನಲ್ಲೇ, ಮನೆಯವರು ಮುದ್ದಾಡುವಾಗ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಇದು ಇದೆ. ಅಂದ್ರೆ ನಿಮ್ಮ ಯಜಮಾನರಿಗೂ ಇರಬಹುದು, ಅಲ್ವಾ?

ಇನ್ನು ಉಳಿದಿದ್ದು ಎಚ್‌ಎಸ್‌ವಿ-2ರ ಆ 1.6. ಇದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಗುಪ್ತಾಂಗಕ್ಕೆ ಬರುವ ಹರ್ಪಿಸ್. ಜಗಳ ಎಲ್ಲಾ ಇದರದ್ದೇ. ತುಂಬಾ ಕಿಟ್‌ಗಳಲ್ಲಿ 0.9ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್, 1.1 ದಾಟಿದ ಕೂಡಲೇ ಮೆಷಿನ್ ಪಾಸಿಟಿವ್ ಅಂತ ಪ್ರಿಂಟ್ ಹೊಡೆಯುತ್ತದೆ. ಅದಕ್ಕೆ 1.6 ಕೂಡ ಒಂದೇ, 9 ಕೂಡ ಒಂದೇ. ಆದರೆ 3ರ ಒಳಗಿನ ಪಾಸಿಟಿವ್‌ಗಳಲ್ಲಿ ಸುಳ್ಳು ಪಾಸಿಟಿವ್ ಜಾಸ್ತಿ, ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಗಸೂಚಿಯಲ್ಲಿ ಬೇರೆ ವಿಧಾನದ ಇನ್ನೊಂದು ಟೆಸ್ಟ್ ಮಾಡಿಸದೆ ಇಂಥದ್ದನ್ನು ಒಪ್ಪಬೇಡಿ ಅಂತ ಹೇಳಿದೆ. ಲಕ್ಷಣವೇ ಇಲ್ಲದವರಿಗೆ ಸುಮ್ನೆ ಈ ಟೆಸ್ಟ್ ಮಾಡಬಾರದು ಅಂತಲೂ ಇದೆ. ನಮ್ಮಲ್ಲಿ ಟಾರ್ಚ್ ಪ್ಯಾಕೇಜ್ ಅಂತ ಎಲ್ಲರಿಗೂ ಬರೆದುಕೊಡೋದು ನನಗಂತೂ ಸರಿ ಅನ್ನಿಸಲ್ಲ.

ಹಾಗಾಗಿ 12 ವಾರ ಬಿಟ್ಟು, ಬೇರೆ ಲ್ಯಾಬ್‌ನಲ್ಲಿ, ಬೇರೆ ವಿಧಾನದಲ್ಲಿ ಮಾಡಿಸಿ. ಅಷ್ಟರಲ್ಲಿ ಗುಳ್ಳೆ ಏನಾದರೂ ಎದ್ದರೆ ಒಣಗೋಕೆ ಬಿಡದೆ ಒಂದೆರಡು ದಿನದೊಳಗೆ ಹೋಗಿ ಅಲ್ಲಿಂದಲೇ ಸ್ವಾಬ್ ತೆಗೆಸಿ ಪಿಸಿಆರ್ (ವೈರಸ್ಸನ್ನೇ ಹುಡುಕುವ ಪರೀಕ್ಷೆ) ಮಾಡಿಸಿ, ರಕ್ತಕ್ಕಿಂತ ಅದರ ಮಾತು ಗಟ್ಟಿ. ಕಾಗದ ನೋಡಿಕೊಂಡು ಮಾತ್ರೆ ಶುರು ಮಾಡಬೇಡಿ. ಸರ್ಪಸುತ್ತಿಗೂ ಇಂಗ್ಲಿಷ್‌ನಲ್ಲಿ ಹರ್ಪಿಸ್ ಅಂತಲೇ ಹೆಸರು, ಆದರೆ ಅದರ ವೈರಸ್ಸೇ ಬೇರೆ.

ನಾಳೆ ಎಚ್‌ಎಸ್‌ವಿ-2 ನಿಜ ಅಂತಲೇ ಆದರೂ, ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ರಕ್ತ ಪರೀಕ್ಷೆಯೂ ಹೇಳಲ್ಲ. ಇದ್ದವರಲ್ಲಿ ಬಹಳ ಜನಕ್ಕೆ ಅದು ಗೊತ್ತೇ ಇರಲ್ಲ. ನಿಮ್ಮವರಿಗೆ ಮೊದಲೇ ಇದ್ದು ನಿಮಗೆ ಬಂದಿರಲೂಬಹುದು. ಇದನ್ನು ನೀವು ಹೇಳಿದರೆ ಜಗಳ ಆಗುತ್ತದೆ, ಡಾಕ್ಟರ್ ಹೇಳಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಅಂತಲೇ ಸುರಕ್ಷಾ ಕ್ಲಿನಿಕ್ ಇರುತ್ತದೆ, ದುಡ್ಡಿಲ್ಲ, ವಿಷಯ ಹೊರಗೆ ಹೋಗಲ್ಲ. ರಿಪೋರ್ಟ್‌ನಲ್ಲಿ 1.6ರ ಸುತ್ತ ಪೆನ್ನಲ್ಲಿ ಒಂದು ಗೆರೆ ಎಳೆದುಕೊಂಡು ನಿಮ್ಮ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ.