ಡ್ರಮ್ಮಿನ ತಳದ ಬಿಳಿ ಗಸಿ ಮತ್ತು ಕೆಎಸ್‌ಪಿ ಲೆಕ್ಕ

ನಮಸ್ಕಾರ. ಟೊಮೆಟೊಗೆ ಡ್ರಿಪ್‌ನಲ್ಲಿ ಬಿಡಲು 200 ಲೀಟರ್ ಡ್ರಮ್ಮಿಗೆ 5 ಕೆಜಿ ಕ್ಯಾಲ್ಸಿಯಂ ನೈಟ್ರೇಟ್, 3 ಕೆಜಿ ಮೆಗ್ನೀಸಿಯಂ ಸಲ್ಫೇಟ್ ಒಟ್ಟಿಗೆ ಹಾಕಿದ್ದೀರಿ. ಸಂಜೆ ತಿಳಿಯಾಗಿದ್ದ ನೀರಿನ ತಳದಲ್ಲಿ ಬೆಳಿಗ್ಗೆ ಬಿಳಿ ಗಸಿ. ಗೊಬ್ಬರ ಕಲಬೆರಕೆಯೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಪಿಯುಸಿ ಓದುತ್ತಿರುವ ಮಗಳು ಕೆಎಸ್‌ಪಿಯಿಂದ (Ksp, ಅಂದರೆ ಕರಗುವಿಕೆಯ ಗುಣಲಬ್ಧದಿಂದ) ಲೆಕ್ಕ ಹಾಕಿದರೆ ಜಿಪ್ಸಂ ಲೀಟರಿಗೆ ಒಂದು ಗ್ರಾಂ ಕೂಡ ಕರಗಬಾರದು, ಆದರೆ ಎರಡೂವರೆ ಗ್ರಾಂ ಕರಗುತ್ತದೆ ಎನ್ನುತ್ತಾರಲ್ಲ, ಯಾವುದು ಸರಿ ಎಂಬುದು ಎರಡನೆಯದು.

ಗೊಬ್ಬರದ್ದು ತಪ್ಪಿಲ್ಲ. ಒಂದು ಗೊಬ್ಬರದ ಕ್ಯಾಲ್ಸಿಯಂ, ಇನ್ನೊಂದರ ಸಲ್ಫೇಟ್ ಕೂಡಿ ಡ್ರಮ್ಮಿನೊಳಗೆ ನೀವೇ ಜಿಪ್ಸಂ ತಯಾರಿಸಿದ್ದೀರಿ. ಗಸಿಯನ್ನು ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿ: ಸಣ್ಣ ಸೂಜಿಗಳಂತಹ ಹರಳು ಮಿನುಗುತ್ತವೆ. ನಿಂಬೆರಸ ಹಿಂಡಿದರೆ ನೊರೆ ಬರುವುದಿಲ್ಲ. ಸುಣ್ಣದ ಗಸಿಯಾಗಿದ್ದರೆ ನೊರೆ ಬರುತ್ತಿತ್ತು. ಇದನ್ನು ಗಮನದಲ್ಲಿಡಿ, ಏಕೆಂದರೆ ಸುಣ್ಣ ಕಟ್ಟಿದ ಡ್ರಿಪ್ಪರನ್ನು ಆಮ್ಲ ಬಿಡಿಸುತ್ತದೆ. ಜಿಪ್ಸಂ ಕಟ್ಟಿದರೆ ಆಮ್ಲ ಬಿಟ್ಟೂ ಪ್ರಯೋಜನವಿಲ್ಲ.

ಈಗ ಲೆಕ್ಕ. ಕೆಎಸ್‌ಪಿ ಅಥವಾ ಕರಗುವಿಕೆಯ ಗುಣಲಬ್ಧ ಎಂದರೆ, ಸಂತೃಪ್ತ (ಇನ್ನಷ್ಟು ಕರಗದ) ದ್ರಾವಣದಲ್ಲಿ ಲೀಟರಿಗೆ ಎಷ್ಟು ಮೋಲ್ (ಕಣಗಳನ್ನು ಎಣಿಸುವ ಅಳತೆ) ಕ್ಯಾಲ್ಸಿಯಂ, ಎಷ್ಟು ಮೋಲ್ ಸಲ್ಫೇಟ್ ಇದೆಯೋ ಆ ಎರಡರ ಗುಣಾಕಾರ. ಗುಣಾಕಾರ ಈ ಮಿತಿ ದಾಟಿದರೆ ಹೆಚ್ಚಿನದು ಗಸಿಯಾಗಿ ಇಳಿಯುತ್ತದೆ. ಇದನ್ನು ಮನೆಯಲ್ಲೇ ಅಳೆಯಬಹುದು, ನಾನು ಅಳೆದಿದ್ದೇನೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರ್, ಶುದ್ಧ ಜಿಪ್ಸಂ ಪುಡಿ 10 ಗ್ರಾಂ. ಜಮೀನಿಗೆ ಹಾಕುವ ಜಿಪ್ಸಂನಲ್ಲಿ ಮಣ್ಣು ಇರುತ್ತದೆ, ಅದು ಬೇಡ. ಎರಡು ದಿನ ಆಗಾಗ ಕುಲುಕಿ. ಕೊನೆಗೂ ತಳದಲ್ಲಿ ಪುಡಿ ಉಳಿದಿರಲೇಬೇಕು, ಉಳಿಯದಿದ್ದರೆ ದ್ರಾವಣ ಸಂತೃಪ್ತವಾಗಿಲ್ಲ. ಫಿಲ್ಟರ್ ಕಾಗದದಲ್ಲಿ ಸೋಸಿ, ಅರ್ಧ ಲೀಟರನ್ನು ಮೊದಲೇ ತೂಗಿಟ್ಟ ಸ್ಟೀಲ್ ತಟ್ಟೆಯಲ್ಲಿ, ಧೂಳು ಬೀಳದಂತೆ ತೆಳು ಬಟ್ಟೆ ಕಟ್ಟಿ ಬಿಸಿಲಿನಲ್ಲಿ ಆರಿಸಿ. ಒಲೆಯ ಮೇಲೆ ಮಾತ್ರ ಇಡಬೇಡಿ. ಕಾಯಿಸಿದರೆ ಹರಳಿನೊಳಗಿನ ನೀರು ಹೋಗಿ ಅದು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ, ತೂಕ ಶೇಕಡ 15ಕ್ಕಿಂತ ಹೆಚ್ಚು ಇಳಿದು ಲೆಕ್ಕವೇ ಕೆಡುತ್ತದೆ.

ಚಿನ್ನ ತೂಗುವಂತಹ ಪುಟ್ಟ ತಕ್ಕಡಿಯಲ್ಲಿ ನನಗೆ ಸಿಕ್ಕಿದ್ದು 1.2 ಗ್ರಾಂ, ಅಂದರೆ ಲೀಟರಿಗೆ 2.4. ಜಿಪ್ಸಂನ ಮೋಲಾರ್ ತೂಕ 172. ಭಾಗಿಸಿದರೆ 0.014 ಮೋಲ್. ಒಂದು ಜಿಪ್ಸಂ ಕರಗಿದರೆ ಒಂದು ಕ್ಯಾಲ್ಸಿಯಂ, ಒಂದು ಸಲ್ಫೇಟ್, ಹಾಗಾಗಿ 0.014 × 0.014, ಸುಮಾರು 2×10⁻⁴.

ಕೈಪಿಡಿಗಳಲ್ಲಿ 25 ಡಿಗ್ರಿಗೆ ಇರುವ ಬೆಲೆ 3.1×10⁻⁵. ನಿಮ್ಮ ಮಗಳು ಇದರ ವರ್ಗಮೂಲ ತೆಗೆದು 0.0056, ಅದನ್ನು 172ರಿಂದ ಗುಣಿಸಿ 0.96 ಗ್ರಾಂ ಪಡೆದಿದ್ದಾಳೆ. ಗಣಿತ ಪೂರ್ತಿ ಸರಿ. ಆದರೆ ನೀರಿನೊಳಗೆ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಒಂಟಿಯಾಗಿ ಓಡಾಡುವುದಿಲ್ಲ. ಎರಡೆರಡು ವಿದ್ಯುದಂಶ ಹೊತ್ತ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಒಂದಷ್ಟು ಜೋಡಿಯಾಗಿ ನೀರಿನಲ್ಲೇ ತೇಲುತ್ತವೆ, ಉಳಿದವುಗಳ ಕಸುವು ಸುತ್ತಲಿನ ಅಯಾನುಗಳಿಂದ ತಗ್ಗುತ್ತದೆ. ಕೈಪಿಡಿಯ ಸಂಖ್ಯೆ ಈ ತಗ್ಗಿದ ಕಸುವಿನ ಗುಣಾಕಾರ, ನನ್ನದು ತಕ್ಕಡಿಯಲ್ಲಿ ಕಂಡ ಒಟ್ಟು ಪ್ರಮಾಣದ ಗುಣಾಕಾರ. ಮಗಳಿಗೆ ಇದನ್ನು ಖಂಡಿತ ಹೇಳಿ, ಅವಳ ಅನುಮಾನ ಬಹಳ ಒಳ್ಳೆಯದು. ಬೆಳ್ಳಿಯ ಕ್ಲೋರೈಡಿನಂತೆ ತೀರ ಕಡಿಮೆ ಕರಗುವ ಲವಣವಾದರೆ ಶುದ್ಧ ನೀರಿನಲ್ಲಿ ಈ ಎರಡು ಉತ್ತರಗಳೂ ಹೆಚ್ಚುಕಡಿಮೆ ಒಂದೇ ಬರುತ್ತವೆ.

ನಿಮ್ಮ ಡ್ರಮ್ಮಿಗೆ ಬರೋಣ. ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರದಲ್ಲಿ ಕ್ಯಾಲ್ಸಿಯಂ ಶೇಕಡ 18.8. 5 ಕೆಜಿಗೆ 940 ಗ್ರಾಂ, ಲೀಟರಿಗೆ 4.7 ಗ್ರಾಂ, 40ರಿಂದ ಭಾಗಿಸಿದರೆ 0.118 ಮೋಲ್. ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 15 ಗ್ರಾಂ, 246ರಿಂದ ಭಾಗಿಸಿದರೆ 0.061. ಗುಣಿಸಿ: 7×10⁻³. ನಾನು ಅಳೆದ ಮಿತಿಗಿಂತ 35 ಪಟ್ಟು. ಇಷ್ಟು ಗಟ್ಟಿ ಗೊಬ್ಬರದ ನೀರಿನಲ್ಲಿ ಮಿತಿ ಹಲವು ಪಟ್ಟು ಏರುತ್ತದೆ ಎಂದು ಬಿಟ್ಟುಕೊಟ್ಟರೂ ನಿಮ್ಮ ಮಿಶ್ರಣ ಅದನ್ನು ದಾಟಿದೆ. ಒಂದೂವರೆಯಿಂದ ಎರಡು ಕೆಜಿಯಷ್ಟು ಜಿಪ್ಸಂ ತಳ ಸೇರಿರಬೇಕು. ಜಿಪ್ಸಂ ಹರಳುಗಟ್ಟಲು ಸಮಯ ತೆಗೆದುಕೊಳ್ಳುತ್ತದೆ, ಸಂಜೆ ನೀರು ತಿಳಿಯಾಗಿ ಕಂಡದ್ದು ಅದಕ್ಕೇ. ಲೋಟದಲ್ಲಿ ಬೆರೆಸಿ ಐದು ನಿಮಿಷ ನೋಡಿ ಸಮಾಧಾನಪಡಬೇಡಿ, ರಾತ್ರಿಯಿಡೀ ಬಿಡಿ.

ಇದೇ ಗೊಬ್ಬರಗಳು 100 ಪಟ್ಟು ತೆಳುವಾದರೆ ಎರಡೂ ಅಂಕಿ ನೂರರಲ್ಲಿ ಒಂದಾಗುತ್ತವೆ, ಗುಣಾಕಾರ ಹತ್ತು ಸಾವಿರದಲ್ಲಿ ಒಂದು: 7×10⁻⁷. ಆಗ ಕೈಪಿಡಿಯ ಬಿಗಿಯಾದ ಮಿತಿಗಿಂತಲೂ ಎಷ್ಟೋ ಕೆಳಗೆ. ಆದ್ದರಿಂದ ಎರಡು ಡ್ರಮ್ ಇಡಿ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ. ಮೆಗ್ನೀಸಿಯಂ ಸಲ್ಫೇಟ್, 0:0:50 (ಪೊಟ್ಯಾಸಿಯಂ ಸಲ್ಫೇಟ್), 12:61:0 (ರಂಜಕದ ಗೊಬ್ಬರ) ಇನ್ನೊಂದರಲ್ಲಿ. ರಂಜಕವಂತೂ ಕ್ಯಾಲ್ಸಿಯಂ ಜೊತೆ ಸಲ್ಫೇಟಿಗಿಂತ ಬೇಗ ಗಸಿ ಕಟ್ಟುತ್ತದೆ. ಒಂದು ಡ್ರಮ್ ಬಿಟ್ಟು, ಪೈಪಿನಲ್ಲಿ ಬರಿ ನೀರು ಹರಿಸಿ, ಆಮೇಲೆ ಇನ್ನೊಂದು.

ಈಗಿರುವ ನೀರನ್ನು ಕಲಕದೆ ಮೇಲಿನಿಂದ ಬಸಿದು, ದಪ್ಪ ಬಟ್ಟೆಯಲ್ಲಿ ಸೋಸಿ ಧಾರಾಳ ನೀರಿನೊಂದಿಗೆ ಬಿಡಿ, ನೈಟ್ರೇಟ್ ಮತ್ತು ಮೆಗ್ನೀಸಿಯಂ ಅದರಲ್ಲೇ ಇವೆ. ಗಸಿಯನ್ನು ಬಕೆಟ್ಟಿಗೆ ತೋಡಿಕೊಂಡು ಸಾಲಿನ ಮಣ್ಣಿಗೆ ಬೆರೆಸಿ.