ಯಾರು ಯಾರನ್ನ ಬಿಟ್ರು ಅಂತ ಗೊತ್ತಾಯ್ತು, ಹಾಡೆಲ್ಲಿ?

ನಮಸ್ಕಾರ. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ 'ರೂಮರ್ಸ್' ಆಲ್ಬಮ್ ಬಗ್ಗೆ ನೀವು ಕಳ್ಸಿದ ಲೇಖನ ಎರಡ್ ಸಲ ಓದ್ದೆ. ಚೆನ್ನಾಗಿದೆ ಅಂತ ಹೇಳಿ ಸಾಗಹಾಕೋದು ನಂಗೆ ಬರಲ್ಲ, ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ. ಆರು ಪುಟದಲ್ಲಿ ನಾಲ್ಕೂವರೆ ಪುಟ ಬರೀ ಯಾರು ಯಾರ ಜೊತೆ ಇದ್ರು, ಯಾವಾಗ ಬಿಟ್ರು, ಮದುವೆ ಮನೇಲಿ ಪಕ್ಕದ ಎಲೆಯವರು ಪಾಯಸ ಬರೋವರೆಗೆ ಹೇಳ್ತಾರಲ್ಲ ಆ ಥರ. ಓದೋವಾಗ ಮಜಾ ಬಂತು, ಸುಳ್ಳು ಹೇಳಲ್ಲ, ಆದ್ರೆ ಮುಗಿದ್ಮೇಲೆ ಕೈಗೆ ಏನೂ ಹತ್ತಲಿಲ್ಲ.

ಗಿಟಾರ್ ನುಡಿಸೋ ಲಿಂಡ್ಸೆ ಬಕಿಂಗ್‌ಹ್ಯಾಮ್, ಗಾಯಕಿ ಸ್ಟೀವಿ ನಿಕ್ಸ್ ಬೇರೆಯಾದ್ರು, ಬೇಸ್ ಗಿಟಾರಿನ ಜಾನ್ ಮತ್ತು ಕೀಬೋರ್ಡ್ ನುಡಿಸಿ ಹಾಡೋ ಕ್ರಿಸ್ಟೀನ್ ಮ್ಯಾಕ್‌ವೀ ಮದುವೆ ಮುರೀತು, ಡ್ರಮ್ಮರ್ ಮಿಕ್ ಫ್ಲೀಟ್‌ವುಡ್ ಸಂಸಾರಾನೂ ಬಿರುಕು. ಇಷ್ಟಕ್ಕೆ ಒಂದು ಪ್ಯಾರಾ ಸಾಕ್ರೀ. ಸಂಬಂಧ ಹೋಯ್ತು, ಬ್ಯಾಂಡ್ ಮಾತ್ರ ಬಿಡಲಿಲ್ಲ, ನಿಮ್ಮ ವಿಷಯ ಅದು. ನಮ್ಮಲ್ಲಿ ಗಂಡ ಹೆಂಡ್ತಿ ಮುನಿಸ್ಕೊಂಡ್ರೆ ಊಟಕ್ಕೆ ಬಾ ಅನ್ನೋಕೂ ಮಗೂನ ಕಳಿಸ್ತಾರೆ, ಇವರು 1976ರಲ್ಲಿ ತಿಂಗಳುಗಟ್ಟಲೆ ಒಂದೇ ಸ್ಟುಡಿಯೋದಲ್ಲಿ ಕೂತು ಒಬ್ಬರ ಮೇಲೊಬ್ಬರು ಬರೆದ ಹಾಡನ್ನ ಒಬ್ಬರಿಗೊಬ್ಬರು ನುಡಿಸಿಕೊಟ್ರು.

ಆ ಆಲ್ಬಮ್ಮಿನ 'ಡ್ರೀಮ್ಸ್' ಹಾಡು ತಗೊಳ್ಳಿ. ನೀವು ಬರ್ದಿರೋದು "ಸ್ಟೀವಿ ತನ್ನ ನೋವನ್ನು ಹಾಡಾಗಿಸಿದಳು" ಅಂತ ಒಂದೇ ಸಾಲು, ಈ ಸಾಲನ್ನ ಪ್ರಪಂಚದ ಯಾವ ಹಾಡಿಗೆ ಬೇಕಾದ್ರೂ ಅಂಟಿಸಬಹುದು. ಆಗಿದ್ದು ನೋಡಿ. ಕ್ಯಾಲಿಫೋರ್ನಿಯಾದ ಸಾಸಲಿಟೋ ಊರಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಖಾಲಿ ಇದ್ದ ಇನ್ನೊಂದು ರೂಮಿಗೆ ಹೋಗಿ ಹತ್ತು ನಿಮಿಷದಲ್ಲಿ ಬರ್ದೆ ಅಂತ ಅವಳೇ ಹೇಳಿದಾಳೆ. ಕ್ರಿಸ್ಟೀನ್‌ಗೆ ಮೊದಲು ಕೇಳಿದಾಗ ಬೋರ್ ಅನ್ಸಿತ್ತಂತೆ, ಅವೇ ಒಂದೆರಡು ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಸುತ್ತಿ ಸುತ್ತಿ ಬರ್ತಿದ್ವಲ್ಲ. ಅದನ್ನ ಮೂರು ಭಾಗ ಮಾಡಿ, ಕಾರ್ಡು ಬದಲಾಯಿಸದೇ ಒಂದೊಂದು ಭಾಗಕ್ಕೂ ಬೇರೆ ಬಣ್ಣ ಕೊಟ್ಟವನು ಯಾರು? ಲಿಂಡ್ಸೆ. ಅಂದ್ರೆ ತನ್ನನ್ನ ಬಿಟ್ಟವಳು ತನಗೇ ಬುದ್ಧಿ ಹೇಳಿ ಬರೆದ ಹಾಡನ್ನ ಅವನೇ ಕೂತು ರಿಪೇರಿ ಮಾಡಿದ, ಅಮೆರಿಕದಲ್ಲಿ ಆ ಬ್ಯಾಂಡಿನ ಒಂದೇ ಒಂದು ನಂಬರ್ ಒನ್ ಸಿಂಗಲ್ (ಬಿಡಿಯಾಗಿ ಬಿಟ್ಟ ಹಾಡು) ಆಗಿದ್ದು ಅದೇ. ಅತ್ಲಾಗೆ ಅವನ 'ಗೋ ಯುವರ್ ಓನ್ ವೇ'ನಲ್ಲಿ ತನ್ನ ನಡತೆ ಬಗ್ಗೆ ಒಂದು ಕೊಂಕು ಇದೆ ಅಂತ ಸ್ಟೀವಿ ಆ ಸಾಲು ತೆಗಿ ಅಂದ್ಳು, ಅವನು ತೆಗೀಲಿಲ್ಲ, ಆಮೇಲೆ ವರ್ಷಗಟ್ಟಲೆ ಸ್ಟೇಜ್ ಮೇಲೆ ಪಕ್ಕದಲ್ಲಿ ನಿಂತು ಅದಕ್ಕೆ ದನಿಗೂಡಿಸಿದಳು. ಪ್ರೀತಿ ಕಲೆಯನ್ನ ಹೇಗೆ ರೂಪಿಸುತ್ತೆ ಅನ್ನೋದಕ್ಕೆ ಇದಕ್ಕಿಂತ ಏನು ಬೇಕು ಹೇಳಿ, ನೀವು ಇಷ್ಟೂ ಬಿಟ್ಟು ಅವಳ ಶಾಲು, ಉದ್ದ ಲಂಗದ ಮೇಲೆ ಅರ್ಧ ಪುಟ ಬರ್ದಿದೀರ.

ಆಮೇಲೆ "ಪಾಪ್ ಕಲ್ಚರ್ ಮೇಲೆ ಅಪಾರ ಪ್ರಭಾವ". ಅಪಾರ ಅಂದ್ರೆ ಎಷ್ಟು, ಯಾವ ಥರ? 31 ವಾರ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯ ಮೇಲ್ತುದೀಲಿ ಕೂತಿತ್ತು, 1978ರಲ್ಲಿ ಗ್ರ್ಯಾಮಿ ಬಂತು, ಇವು ಇರ್ಲಿ, ಆದ್ರೆ ಇದು ಬರೀ ಲೆಕ್ಕ. 'ಡೋಂಟ್ ಸ್ಟಾಪ್' ಕ್ರಿಸ್ಟೀನ್ ತಾನು ಬಿಟ್ಟ ಗಂಡನಿಗೆ ನಾಳೆ ಸರಿಹೋಗುತ್ತೆ ಅಂತ ಬರೆದಿದ್ದು. ಅದು ತನ್ನ ಬಗ್ಗೆ ಅಂತ ಜಾನ್‌ಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲವಂತೆ, ಪಾಪ, ಬೇಸ್ ನುಡಿಸ್ಕೊಂಡೇ ಇದ್ದ! ಅದೇ ಹಾಡನ್ನ 1992ರಲ್ಲಿ ಬಿಲ್ ಕ್ಲಿಂಟನ್ ಎಲೆಕ್ಷನ್ ಹಾಡು ಮಾಡ್ಕೊಂಡು ಗೆದ್ದ, ಮರುವರ್ಷ ಅಧಿಕಾರ ವಹಿಸ್ಕೊಂಡಾಗ ಚದುರಿಹೋಗಿದ್ದ ಐವರೂ ಒಟ್ಟಾಗಿ ಬಂದು ಹಾಡಿದ್ರು. ಒಂದು ಮನೆಯ ಡಿವೋರ್ಸು ಒಂದು ದೇಶದ ಭರವಸೆ ಹಾಡು ಆಗೋದು, ಪ್ರಭಾವ ಅಂದ್ರೆ ಇದನ್ನ ಬರೀರಿ. 2020ರ ಟಿಕ್‌ಟಾಕ್ ವಿಡಿಯೋ, 'ಡ್ರೀಮ್ಸ್' ಹಾಡಿಗೆ ಸ್ಕೇಟ್‌ಬೋರ್ಡ್ ಮೇಲೆ ಜ್ಯೂಸ್ ಕುಡೀತಾ ಹೋಗೋನದ್ದು, ಅದು ಒಂದು ಸಾಲು ಸಾಕು.

ಶುರು ಎಲ್ಲಿಂದ ಅಂದ್ರೆ, ನೀವು ಕೊನೇಲಿ ತುರುಕಿರೋ 'ಸಿಲ್ವರ್ ಸ್ಪ್ರಿಂಗ್ಸ್' ಹಾಡಿನಿಂದ. ಲಿಂಡ್ಸೆ ಮೇಲೆ ಸ್ಟೀವಿ ಬರ್ದಿದ್ದು, ಎಲ್‌ಪೀಲಿ (ಆಲ್ಬಮ್ಮಿನ ದೊಡ್ಡ ತಟ್ಟೆ) ಜಾಗ ಇಲ್ಲ, ಉದ್ದ ಆಯ್ತು ಅಂತ ಆಲ್ಬಮ್‌ನಿಂದ ತೆಗೆದು 'ಗೋ ಯುವರ್ ಓನ್ ವೇ' ಸಿಂಗಲ್‌ನ ಹಿಂದಿನ ಮಗ್ಗುಲಿಗೆ ಹಾಕಿದ್ರು, ಅಂದ್ರೆ ಅವನ ಜಗಳದ ಬೆನ್ನಿಗೆ ಅವಳ ಜಗಳ, ಒಂದೇ ತಟ್ಟೆ. 1997ರ 'ದಿ ಡಾನ್ಸ್' ಶೋದಲ್ಲಿ ಅದನ್ನ ಮತ್ತೆ ಹಾಡ್ತಾರೆ. ದಯವಿಟ್ಟು ಆ ವಿಡಿಯೋ ನೋಡಿ. ಕೊನೇಲಿ ಅವಳು ಪ್ರೇಕ್ಷಕರನ್ನ ಬಿಟ್ಟು ಪೂರ್ತಿ ಅವನ ಕಡೆ ತಿರುಗಿ, ನನ್ನ ದನಿಯಿಂದ ನೀನು ತಪ್ಪಿಸ್ಕೊಳ್ಳೋಕಾಗಲ್ಲ ಅನ್ನೋ ಅರ್ಥದ ಸಾಲನ್ನ ಮುಖಕ್ಕೇ ಹಾಡ್ತಾಳೆ, ಅವನು ಗಿಟಾರ್ ನುಡಿಸ್ತಾ ಅವಳನ್ನೇ ನೋಡ್ತಾ ಜೊತೆಗೆ ಹಾಡ್ತಾನೆ. ಬೇರೆಯಾಗಿ ಇಪ್ಪತ್ತು ವರ್ಷ ಆಗಿತ್ತು. ಆ ನಾಲ್ಕೈದು ನಿಮಿಷ ನೋಡಿದ್ದನ್ನ ನೋಡಿದ ಹಾಗೇ ಬರೀರಿ, ವಿಶೇಷಣ ಬೇಡ.

ತಿಂಗಳ ಕೊನೆಯೊಳಗೆ ಕಳ್ಸಿ, ಮೂರು ಪುಟ ದಾಟೋದು ಬೇಡ. ಅಂದ ಹಾಗೆ ಎರಡನೇ ಪುಟದಲ್ಲಿ 'ರೂಮರ್ಸ್' ಇವರ ಮೊದಲ ಆಲ್ಬಮ್ ಅಂತ ಇದೆ, ಬ್ಯಾಂಡ್ ಶುರುವಾಗಿದ್ದು 1967ರಲ್ಲಿ, ಇದು ಬಂದಿದ್ದು 1977ರಲ್ಲಿ, ಹನ್ನೊಂದನೇದು. ಅದನ್ನ ಮೊದಲು ಸರಿ ಮಾಡ್ಕೊಳ್ಳಿ.