ಡಿಸ್ಟೋಪಿಯನ್ ಕಾದಂಬರಿಗಳನ್ನು, ಅಂದರೆ ದಬ್ಬಾಳಿಕೆಯ ಕೆಟ್ಟ ಸಮಾಜವನ್ನು ಕಲ್ಪಿಸುವ ಕಥೆಗಳನ್ನು, ಇವತ್ತಿನ ರಾಜಕೀಯಕ್ಕೆ ಹೋಲಿಸುವುದು ಅತಿಯಾಯಿತಲ್ಲವೇ? ಅವನ್ನು ಓದುವುದಾದರೆ ಎಲ್ಲಿಂದ ಶುರುಮಾಡಲಿ?

ನಿಮ್ಮ ಮೊದಲ ಪ್ರಶ್ನೆಯಲ್ಲಿ ಎರಡು ಮಾತು ಸೇರಿವೆ. ಮಾತೆತ್ತಿದರೆ ಜನ '1984' ಕಾದಂಬರಿಯನ್ನು ನೆನೆದು 'ಆರ್ವೆಲ್ ಬರೆದ ಹಾಗೇ ಆಗುತ್ತಿದೆ' ಅನ್ನುತ್ತಾರಲ್ಲ, ಅದು ಅತಿಯಲ್ಲವೇ ಎನ್ನುವುದು ಒಂದು. ಎಪ್ಪತ್ತು, ನೂರು ವರ್ಷ ಹಳೆಯ ಕಥೆಗಳಿಂದ ಇವತ್ತಿನ ರಾಜಕೀಯ ತಿಳಿಯುತ್ತದೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಹೌದು, ಬಹಳ ಸಲ ಅತಿಯೇ. ಎರಡನೆಯದಕ್ಕೂ ಹೌದು. ಆದರೆ ಎಲ್ಲರೂ ಹುಡುಕುವ ಜಾಗದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.

ಎಲ್ಲರೂ ಹುಡುಕುವುದು ಸರ್ವಾಧಿಕಾರಿಯನ್ನು. ಗೋಡೆಯ ಮೇಲಿನ ದೊಡ್ಡ ಮುಖ, ಮನೆಯೊಳಗೇ ಕಣ್ಣಿಟ್ಟ ಪರದೆ, ನಡುರಾತ್ರಿ ಬಾಗಿಲು ಬಡಿಯುವ ಪೊಲೀಸರು. ಸುತ್ತಮುತ್ತ ಅವು ಕಾಣದಿದ್ದರೆ 'ಸದ್ಯ, ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ' ಎಂದು ಪುಸ್ತಕ ಮುಚ್ಚಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಓದಿದ್ದು. ಎರಡನೆಯ ಸಲ ಓದುವಾಗ ನನ್ನ ಕಣ್ಣಿಗೆ ಬಿದ್ದವನು ಗುಮಾಸ್ತ.

ಜಾರ್ಜ್ ಆರ್ವೆಲ್‌ನ '1984' ಪ್ರಕಟವಾದದ್ದು 1949ರಲ್ಲಿ. ಅದರ ನಾಯಕ ವಿನ್‌ಸ್ಟನ್ ಸ್ಮಿತ್ ಸತ್ಯ ಸಚಿವಾಲಯದ ದಾಖಲೆ ವಿಭಾಗದ ನೌಕರ. ಅಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಈ ವರ್ಷ ಚಾಕೊಲೇಟ್ ಪಡಿತರ ಕಡಿಮೆ ಮಾಡುವುದಿಲ್ಲ ಎಂದು ಸರ್ಕಾರ ಫೆಬ್ರುವರಿಯಲ್ಲಿ ಮಾತು ಕೊಟ್ಟಿದೆ. ಈಗ ಅದನ್ನು 30 ಗ್ರಾಂನಿಂದ 20 ಗ್ರಾಂಗೆ ಇಳಿಸಲು ಹೊರಟಿದ್ದಾರೆ. ವಿನ್‌ಸ್ಟನ್ ಮಾಡಬೇಕಾದದ್ದು ಇಷ್ಟೇ: ಹಳೆಯ ಪತ್ರಿಕೆಯಲ್ಲಿ ಆ ಮಾತು ಇದ್ದ ಜಾಗದಲ್ಲಿ, ಏಪ್ರಿಲ್‌ನಲ್ಲಿ ಪಡಿತರ ಇಳಿಸಬೇಕಾಗಿ ಬರಬಹುದು ಎಂಬ ಮುನ್ಸೂಚನೆ ಹಾಕುವುದು. ಹಾಕುತ್ತಾನೆ. ಮೂಲ ಚೀಟಿಯನ್ನು ಬೆಂಕಿಗೆ ಕಳಿಸುವ ತೂತಿಗೆ ತುರುಕುತ್ತಾನೆ. ಆಮೇಲೆ, ಪಡಿತರವನ್ನು 20 ಗ್ರಾಂಗೆ 'ಏರಿಸಿದ್ದಕ್ಕೆ' ಜನ ಮೆರವಣಿಗೆ ಮಾಡಿ ಕೃತಜ್ಞತೆ ಸಲ್ಲಿಸಿದರು ಎಂಬ ಸುದ್ದಿ ಬರುತ್ತದೆ. ಇಳಿಸಿದ ಸುದ್ದಿ ಬಂದು ಇನ್ನೂ ಒಂದು ದಿನ ಕಳೆದಿಲ್ಲ.

ಈ ಭಾಗವನ್ನು ಉದಾಹರಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಹಳೆಯ ಪತ್ರಿಕೆ ತಿದ್ದುವ ಆ ಅಧ್ಯಾಯದಲ್ಲೇ ಆರ್ವೆಲ್ ಇನ್ನೊಂದು ಮಾತು ಬರೆದಿದ್ದಾನೆ: ವಿನ್‌ಸ್ಟನ್‌ಗೆ ಬದುಕಿನಲ್ಲಿ ಅತಿ ಹೆಚ್ಚು ಸುಖ ಸಿಗುತ್ತಿದ್ದದ್ದು ತನ್ನ ಕೆಲಸದಲ್ಲೇ. ಆಳುವ ಪಕ್ಷವನ್ನು ದ್ವೇಷಿಸುವ ಮನುಷ್ಯ ಇವನು. ಆದರೂ ಕಷ್ಟದ ತಿದ್ದುಪಡಿ ಬಂದರೆ ಗಣಿತದ ಲೆಕ್ಕ ಬಿಡಿಸುವವನ ಹಾಗೆ ಅದರಲ್ಲಿ ಮುಳುಗಿಹೋಗುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಹೆದರಿಸಿದ ಮಾತು ಇದು. ಚಿತ್ರಹಿಂಸೆಯ ಕೋಣೆಯೂ ಇಷ್ಟು ಹೆದರಿಸಲಿಲ್ಲ.

ಯಾಕೆ ಎಂದು ಹೇಳುತ್ತೇನೆ. ಹಿಂದೆ ನಾನೊಂದು ಸುದ್ದಿ ಜಾಲತಾಣದ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಮೇಲಿನವರಿಂದ ಸೂಚನೆ ಬಂತು: ಎರಡು ವರ್ಷ ಹಳೆಯ ವರದಿಯೊಂದರಲ್ಲಿ ಅಧಿಕಾರದಲ್ಲಿದ್ದವರೊಬ್ಬರು 'ಮಾರ್ಚ್ ಒಳಗೆ ಮುಗಿಸುತ್ತೇವೆ' ಎಂದಿದ್ದಾರೆ, ಅದನ್ನು 'ಶೀಘ್ರದಲ್ಲೇ ಮುಗಿಸುತ್ತೇವೆ' ಎಂದು ಮಾಡಿ, ತಿದ್ದುಪಡಿ ಟಿಪ್ಪಣಿ ಬೇಡ. ನಾನು ಪುಟ ತೆರೆದೆ, ಪದ ಬದಲಿಸಿದೆ, ಅಪ್‌ಡೇಟ್ ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ವರದಿಯ ಮೇಲಿನ ಹಳೆಯ ತಾರೀಕು ಹಾಗೇ ಉಳಿಯಿತು. ಹೊಸ ಪದ ಹಾಕಿದ ಮೇಲೆ ಮುಂದಿನ ವಾಕ್ಯಕ್ಕೆ ಕೊಂಡಿ ತಪ್ಪಿತ್ತು, ಅದನ್ನೂ ಸರಿಮಾಡಿದೆ, ಓದಲು ಮೊದಲಿಗಿಂತ ಚೆನ್ನಾಗಿದೆ ಅನ್ನಿಸಿ ಸಮಾಧಾನವೂ ಆಯಿತು. ಯಾರೂ ನನ್ನನ್ನು ಹೆದರಿಸಿರಲಿಲ್ಲ. ನಾನು ಮಾಡಿದ್ದೇನು ಎಂದು ಅರಿವಾದದ್ದು ತಿಂಗಳುಗಳ ನಂತರ, ಆ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಾಗ. ಆ ರಾತ್ರಿ ಅದಕ್ಕಿಂತ ಮುಂದೆ ಓದಲು ಆಗಲಿಲ್ಲ.

ಹಾಗಾಗಿ 'ಆರ್ವೆಲ್ ಭವಿಷ್ಯ ನುಡಿದ' ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅವನು ಬರೆದದ್ದು ಕಣ್ಣಾರೆ ಕಂಡದ್ದನ್ನು. 1937ರಲ್ಲಿ, ಸ್ಪೇನ್ ಅಂತರ್ಯುದ್ಧದಲ್ಲಿ ಕುತ್ತಿಗೆಗೆ ಗುಂಡು ತಿಂದು ಬದುಕಿ ಬಂದವನು. ಹೋರಾಟವೇ ನಡೆಯದ ಕಡೆ ಮಹಾಯುದ್ಧ ನಡೆಯಿತೆಂದು, ನೂರಾರು ಜನ ಸತ್ತ ಕಡೆ ಏನೂ ಆಗಿಲ್ಲವೆಂದು ಪತ್ರಿಕೆಗಳು ಬರೆದದ್ದನ್ನು ನೋಡಿದ್ದ. 1941ರಿಂದ 43ರವರೆಗೆ ಬಿಬಿಸಿಯ ಪೂರ್ವ ವಿಭಾಗದಲ್ಲಿದ್ದು, ಸೆನ್ಸಾರ್ ಆದ ಮೇಲೆಯೇ ಪ್ರಸಾರವಾಗುವ ಭಾಷಣಗಳನ್ನು ಬರೆದಿದ್ದ. ಸೋವಿಯತ್ ಒಕ್ಕೂಟದಲ್ಲಿ ರಹಸ್ಯ ಪೊಲೀಸ್ ಪಡೆಯ ಮುಖ್ಯಸ್ಥನಾಗಿದ್ದ ಯೆಝೋವ್‌ನನ್ನು 1940ರಲ್ಲಿ ಕೊಂದ ಮೇಲೆ, ಸ್ಟಾಲಿನ್ ಪಕ್ಕದಲ್ಲಿ ಅವನು ನಿಂತಿದ್ದ ಫೋಟೋದಿಂದಲೂ ಅಳಿಸಿಹಾಕಿದರು. ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಉಳಿಯಿತು.

ಆರ್ವೆಲ್ ಸತ್ತ ಮೇಲೂ ಈ ಕೆಲಸ ನಿಲ್ಲಲಿಲ್ಲ. ಯೆಝೋವ್‌ನ ಜಾಗಕ್ಕೆ ಬಂದಿದ್ದ ಬೇರಿಯಾನನ್ನು 1953ರಲ್ಲಿ ಬಂಧಿಸಿ ಗುಂಡಿಕ್ಕಿದ ನಂತರ, ಸೋವಿಯತ್ ಮಹಾವಿಶ್ವಕೋಶದ ಚಂದಾದಾರರ ಮನೆಗೆ ಕೆಲವು ಬಿಡಿ ಹಾಳೆಗಳು ಬಂದವು. ಐದನೆಯ ಸಂಪುಟದಲ್ಲಿರುವ ಬೇರಿಯಾನ ಪುಟಗಳನ್ನು ಕತ್ತರಿಯಿಂದಲೋ ಬ್ಲೇಡಿನಿಂದಲೋ ತೆಗೆದು, ಆ ಜಾಗದಲ್ಲಿ ಇವನ್ನು ಅಂಟಿಸಿಕೊಳ್ಳಿ ಎಂದು ಸೂಚನೆ. ಹೊಸ ಹಾಳೆಗಳಲ್ಲಿ ಇದ್ದದ್ದು ಹೆಚ್ಚಾಗಿ ಬೇರಿಂಗ್ ಸಮುದ್ರದ ವಿವರವಾದ ವರ್ಣನೆ. ಮನೆಯೊಳಗೆ ಮೇಜಿನ ಮುಂದೆ ಕೂತು, ಅಂಚು ಹರಿಯದ ಹಾಗೆ ಜೋಪಾನವಾಗಿ ಪುಟ ಕತ್ತರಿಸುವ ಓದುಗನನ್ನು ಕಲ್ಪಿಸಿಕೊಳ್ಳಿ. ನನಗೆ ಈ ಚಿತ್ರ ಯಾವ ಕಾದಂಬರಿಗೂ ಕಡಿಮೆ ಅನ್ನಿಸುವುದಿಲ್ಲ.

ಈಗ ಬ್ಲೇಡೂ ಬೇಕಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತಾನೇ ಮಾರುವ ಇ-ಪುಸ್ತಕ ಓದುವ ಸಾಧನಗಳಿಂದ, ಅಂದರೆ ಓದುಗರ ಕಿಂಡಲ್‌ಗಳಿಂದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಎನ್ನುವುದು ಕಾರಣ, ದುಡ್ಡನ್ನೂ ವಾಪಸ್ ಕೊಟ್ಟರು, ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕಗಳಲ್ಲಿ '1984' ಒಂದು. ಇದು ಕಾಕತಾಳೀಯ, ಪಿತೂರಿಯಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ಪುಸ್ತಕ ನಾವು ಮಲಗಿದ್ದಾಗ ಮಾಯವಾಗಬಲ್ಲದು ಎಂದು ಎಲ್ಲರಿಗೂ ಗೊತ್ತಾಯಿತು. ದುರುದ್ದೇಶ ಇತ್ತೇ ಎನ್ನುವುದಕ್ಕಿಂತ ಆ ಸಾಮರ್ಥ್ಯ ಯಾರ ಕೈಯಲ್ಲಿದೆ ಎನ್ನುವುದನ್ನು ನಾವು ಕೇಳಬೇಕು. ಸರ್ಕಾರಗಳ ವಿಷಯದಲ್ಲೂ ಅಷ್ಟೇ.

ಈ ಸಾಮರ್ಥ್ಯದ ಪ್ರಶ್ನೆಯನ್ನು ಅತ್ಯಂತ ಹತ್ತಿರದಿಂದ ತೋರಿಸಿದವರು ಮಾರ್ಗರೆಟ್ ಅಟ್‌ವುಡ್. 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಬರೆಯುವಾಗ ಅವರು ತಮಗೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದರು: ಮನುಷ್ಯರು ಎಲ್ಲೋ, ಯಾವಾಗಲೋ ಈಗಾಗಲೇ ಮಾಡಿರದ ಯಾವುದನ್ನೂ ಕಥೆಗೆ ತರುವುದಿಲ್ಲ. ಹೆರಿಗೆಯನ್ನು ರಾಜ್ಯದ ಕೆಲಸವಾಗಿಸುವುದನ್ನೇ ತೆಗೆದುಕೊಳ್ಳಿ. 1966ರಲ್ಲಿ ರೊಮೇನಿಯಾದ ಚೌಷೆಸ್ಕು ಸರ್ಕಾರ ಗರ್ಭಪಾತ ನಿಷೇಧಿಸಿ ಹೊರಡಿಸಿದ ಆದೇಶ ಆಗಲೇ ಜಾರಿಯಲ್ಲಿತ್ತು.

ಆ ಕಾದಂಬರಿಯಲ್ಲಿ ನಾಯಕಿ ಸಿಗರೇಟು ಕೊಳ್ಳಲು ಹೋಗುತ್ತಾಳೆ. ಕಾರ್ಡು ನಡೆಯುವುದಿಲ್ಲ. ಏನೋ ತಾಂತ್ರಿಕ ತೊಂದರೆ ಇರಬೇಕು ಅಂದುಕೊಳ್ಳುತ್ತಾಳೆ. ಅದೇ ದಿನ ಅವಳ ಕಚೇರಿಯ ಹೆಂಗಸರನ್ನೆಲ್ಲ ಕೆಲಸದಿಂದ ತೆಗೆಯುತ್ತಾರೆ. ಹೆಂಗಸರ ಹೆಸರಿನ ಖಾತೆಗಳೆಲ್ಲ ಸ್ತಬ್ಧ, ಹಣದ ಅಧಿಕಾರ ಗಂಡನಿಗೆ ಅಥವಾ ಹತ್ತಿರದ ಗಂಡು ಸಂಬಂಧಿಗೆ. ದುಡ್ಡೆಲ್ಲ ಕಂಪ್ಯೂಟರಿನಲ್ಲೇ ಇದ್ದುದರಿಂದ ಕೆಲವು ಗುಂಡಿ ಒತ್ತಿದರೆ ಸಾಕಾಯಿತು. ನಾನು ಹೇಳಹೊರಟ ಜಾಗ ಬರುವುದು ಇದರ ನಂತರ, ಮನೆಯಲ್ಲಿ. ಗಂಡ ಒಳ್ಳೆಯವನು. ನಿನ್ನನ್ನು ನಾನು ನೋಡಿಕೊಳ್ಳುತ್ತೇನಲ್ಲ ಎಂದು ಸಮಾಧಾನ ಹೇಳುತ್ತಾನೆ. ಅವಳಿಗೆ ಆಗ ಹೊಳೆಯುತ್ತದೆ: ಇದರಿಂದ ಇವನಿಗೇನೂ ಬೇಸರವಾಗಿಲ್ಲ, ಒಳಗೊಳಗೇ ಹಿತವೂ ಆಗಿರಬಹುದು. ಅನ್ಯಾಯದ ಕಾನೂನು ಒಂದೇ ಮನೆಯೊಳಗೆ ಒಬ್ಬರಿಗೆ ನಷ್ಟವನ್ನೂ ಇನ್ನೊಬ್ಬರಿಗೆ ಸಣ್ಣದೊಂದು ಲಾಭವನ್ನೂ ಹಂಚುತ್ತದೆ. ಲಾಭ ಪಡೆದವರ ಮೌನವೇ ಅದಕ್ಕೆ ಆಧಾರ. ಸುದ್ದಿಯಲ್ಲಿ ಯಾವುದೇ ಗುಂಪಿನ ಹಕ್ಕು ಕಿತ್ತುಕೊಂಡಾಗ ನಾನೀಗ ಮೊದಲು ನೋಡುವುದು ಇದನ್ನೇ: ಯಾರಿಗೆ ಹಿತವಾಯಿತು?

'ಆರ್ವೆಲ್ ಅಲ್ಲ, ಹಕ್ಸ್‌ಲಿಯೇ ಸರಿ, ನಮ್ಮನ್ನು ಹಾಳುಮಾಡುವುದು ಭಯವಲ್ಲ, ಸುಖ' ಎಂಬ ವಾದವನ್ನು ನೀವು ಕೇಳಿರಬಹುದು. ('ಬ್ರೇವ್ ನ್ಯೂ ವರ್ಲ್ಡ್' ಕಾದಂಬರಿಯಲ್ಲಿ, ಜನರನ್ನು ಸುಖದಿಂದಲೇ ಅಂಕೆಯಲ್ಲಿಡುವ ಸಮಾಜವನ್ನು ಚಿತ್ರಿಸಿದವನು ಹಕ್ಸ್‌ಲಿ.) ಆ ವಾದದಲ್ಲಿ ಹುರುಳಿದೆ. ಆದರೆ ಒಬ್ಬರನ್ನು ಗೆಲ್ಲಿಸಲು ಇನ್ನೊಬ್ಬರನ್ನು ಸೋಲಿಸುವ ಆ ಚರ್ಚೆ ನನಗೆ ರುಚಿಸುವುದಿಲ್ಲ. ಒಂದೇ ದೇಶದಲ್ಲಿ ಕೆಲವರನ್ನು ಭಯದಿಂದ, ಉಳಿದವರನ್ನು ಮನರಂಜನೆಯಿಂದ ಸುಮ್ಮನಿರಿಸಬಹುದು. ರೇ ಬ್ರಾಡ್ಬರಿಯ 'ಫ್ಯಾರನ್‌ಹೀಟ್ 451'ರಲ್ಲಿ ಪುಸ್ತಕ ಸುಡುವವರ ನಾಯಕನೇ ಹೇಳುತ್ತಾನೆ, ಇದು ಸರ್ಕಾರದಿಂದ ಶುರುವಾದದ್ದಲ್ಲ, ಜನ ಮೊದಲೇ ಓದು ಬಿಟ್ಟಿದ್ದರು ಎಂದು. ಸೆನ್ಸಾರ್‌ಶಿಪ್ಪಿನ ವಿರುದ್ಧದ ಈ ಪುಸ್ತಕಕ್ಕೂ ಕತ್ತರಿ ಬಿತ್ತು. 1967ರಿಂದ ಶಾಲೆಗಳಿಗೆಂದು ತಂದ ಆವೃತ್ತಿಯಲ್ಲಿ ಪ್ರಕಾಶಕರು ಬೈಗುಳ ಮತ್ತಿತರ ಮಾತುಗಳನ್ನು ಸದ್ದಿಲ್ಲದೆ ಬದಲಿಸಿದ್ದರು. ಅದು ಲೇಖಕರಿಗೆ ಗೊತ್ತಾದದ್ದು ಸುಮಾರು ಹನ್ನೆರಡು ವರ್ಷಗಳ ಮೇಲೆ.

ಇನ್ನು ಅತಿರೇಕದ ಮಾತು. ತಮಗೆ ಹಿಡಿಸದ ತೆರಿಗೆ, ಟ್ರಾಫಿಕ್ ನಿಯಮ, ತಾವು ಹಾಕಿದ ಕಾಮೆಂಟು ಡಿಲೀಟ್ ಆದದ್ದು, ಎಲ್ಲದಕ್ಕೂ 'ಆರ್ವೆಲಿಯನ್' ಎಂಬ ಚೀಟಿ ಅಂಟಿಸುವವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಎಲ್ಲ ಪಕ್ಷದವರೂ ಎದುರು ಪಕ್ಷದವರಿಗೆ ಆ ಪದವನ್ನು ಎಸೆಯುತ್ತಾರೆ. ನಿಜವಾದ ದಬ್ಬಾಳಿಕೆ ಬಂದ ದಿನ ಆ ಪದದಲ್ಲಿ ಕಸುವೇ ಉಳಿದಿರುವುದಿಲ್ಲ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಕೆಲವರು ಬ್ಯಾಂಕಾಕಿನ ಸಾರ್ವಜನಿಕ ಸ್ಥಳಗಳಲ್ಲಿ '1984' ಹಿಡಿದು ಸುಮ್ಮನೆ ಓದುತ್ತಾ ನಿಂತರು. ಬಂಧನವಾಗಬಹುದು ಎಂದು ಗೊತ್ತಿದ್ದೇ ನಿಂತವರು ಅವರು. ಅವರ ಕೈಯಲ್ಲಿದ್ದ ಪುಸ್ತಕಕ್ಕೂ ನಮ್ಮ ಬೈಗುಳದ ಚೀಟಿಗೂ ಬಹಳ ಅಂತರವಿದೆ.

ಎಲ್ಲಿಂದ ಶುರುಮಾಡಲಿ ಎಂದೂ ಕೇಳಿದ್ದೀರಿ. '1984'ರ ಮೊದಲ ಭಾಗದ ನಾಲ್ಕನೆಯ ಅಧ್ಯಾಯದಿಂದ. ಕಥೆ ಗೊತ್ತಿಲ್ಲದಿದ್ದರೂ ಅದು ಅರ್ಥವಾಗುತ್ತದೆ. ಆಮೇಲೆ ಮೊದಲಿನಿಂದ ಓದಿ. ಕೊನೆಯ ಪುಟ ತುಂಬಾ ಭಾರ, ಓದಿ ಕುಗ್ಗಿಹೋಗುತ್ತೀರಿ. ಆದರೆ ಅಲ್ಲಿಗೇ ಬಿಡಬೇಡಿ. ಕಥೆ ಮುಗಿದ ಮೇಲೆ, ಆ ಆಡಳಿತ ಕಟ್ಟಿದ 'ಹೊಸನುಡಿ' ಎಂಬ ಭಾಷೆಯ ಬಗ್ಗೆ ಒಂದು ಅನುಬಂಧವಿದೆ, ಬಹಳ ಜನ ಅದನ್ನು ಹಾರಿಸುತ್ತಾರೆ. ಅದು ಪೂರ್ತಿ ಭೂತಕಾಲದಲ್ಲಿದೆ: ಆ ಭಾಷೆ ಹೀಗಿತ್ತು, ಅದರ ಉದ್ದೇಶ ಹೀಗಿತ್ತು ಎಂದು. ಆ ಆಡಳಿತ ಮುಗಿದ ಮೇಲೆ ಯಾರೋ ಕೂತು ಬರೆದಂತಿದೆ ಎಂದು ಅಟ್‌ವುಡ್ ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. ಅಮೆರಿಕದ ದೊಡ್ಡ ಪುಸ್ತಕ ಕ್ಲಬ್ಬೊಂದು ಈ ಅನುಬಂಧವನ್ನೂ ಇನ್ನೊಂದು ಉದ್ದದ ಭಾಗವನ್ನೂ ತೆಗೆದರೆ ಪುಸ್ತಕವನ್ನು ತನ್ನ ಸದಸ್ಯರಿಗೆ ತಲುಪಿಸುವುದಾಗಿ ಹೇಳಿತ್ತು. ಕ್ಷಯ ಹಿಡಿದು ಹಾಸಿಗೆಯಲ್ಲಿದ್ದ ಆರ್ವೆಲ್‌ಗೆ ಅದರಿಂದ ದೊಡ್ಡ ಮೊತ್ತ ಬರುವುದಿತ್ತು. ಅವನು ಒಂದು ಸಾಲನ್ನೂ ತೆಗೆಯಲು ಒಪ್ಪಲಿಲ್ಲ. ಕೊನೆಗೆ ಕ್ಲಬ್ಬೇ ಮಣಿಯಿತು, ಪುಸ್ತಕ ಇಡಿಯಾಗಿ ಬಂತು.